ಮ್ಯಾನಿಂಗ್, ಲೀಫ್ ಮತ್ತು ಮೊದಲ ಆಯ್ಕೆಯ ಬೆಲೆ

1998ರ ಮೊದಲ ನಾಲ್ಕು ತಿಂಗಳು ಅಮೆರಿಕದ ಫುಟ್‌ಬಾಲ್ ಲೋಕದಲ್ಲಿ ಒಂದೇ ವಾದ. ಕಾಲೇಜು ಆಟ ಮುಗಿಸಿ ಬರುತ್ತಿದ್ದ ಇಬ್ಬರು ಹುಡುಗರಲ್ಲಿ ಯಾರು ಮೇಲು? ಟೆನೆಸಿ ವಿಶ್ವವಿದ್ಯಾಲಯದ ಪೇಟನ್ ಮ್ಯಾನಿಂಗೋ, ವಾಷಿಂಗ್ಟನ್ ಸ್ಟೇಟ್‌ನ ರಯಾನ್ ಲೀಫೋ? ಇಬ್ಬರೂ ಆರಡಿ ಐದಂಗುಲದ ಆಳುಗಳು. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು. ಮ್ಯಾನಿಂಗ್ ಪಳಗಿದವನು, ಆದರೆ ಇನ್ನು ಹೆಚ್ಚು ಬೆಳೆಯಲಾರ ಎಂದು ಒಂದು ಬಣ. ಲೀಫ್‌ನ ತೋಳಿನಲ್ಲಿರುವ ಬಲ ಮ್ಯಾನಿಂಗ್‌ಗಿಲ್ಲ, ನಾಲ್ಕು ವರ್ಷ ಬಿಟ್ಟು ನೋಡಿ ಎಂದು ಇನ್ನೊಂದು ಬಣ. ಈ ಮಾತಾಡಿದವರು ದಾರಿಹೋಕರಲ್ಲ, ಇಪ್ಪತ್ತು ಮೂವತ್ತು ವರ್ಷ ಆಟಗಾರರನ್ನು ಅಳೆದು ತೂಗಿದ್ದ ಅನುಭವಿಗಳು. ಮುಂದೆ ಆದದ್ದನ್ನು ತಿಳಿದ ನಮಗೆ ಆ ವಾದವೇ ವಿಚಿತ್ರ ಅನ್ನಿಸುತ್ತದೆ. ಆಗಿನವರಿಗೆ ಅದು ನಿಜವಾದ ಪ್ರಶ್ನೆಯಾಗಿತ್ತು.

ಕಾಲೇಜಿನಿಂದ ಬರುವ ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಮೇಲೆ ತಂಡವೊಂದು ತನ್ನ ಅತಿ ಬೆಲೆಬಾಳುವ ಆಯ್ಕೆಯನ್ನು ಹೂಡಬೇಕೇ ಎಂಬ ಪ್ರಶ್ನೆ ಪ್ರತಿ ಏಪ್ರಿಲ್‌ನಲ್ಲೂ ಏಳುತ್ತದೆ. ಅದರ ಒಳಹೊರಗು 1998ರಲ್ಲಿ ಕಂಡಷ್ಟು ನಿಚ್ಚಳವಾಗಿ ಮತ್ಯಾವ ವರ್ಷವೂ ಕಂಡಿಲ್ಲ.

ಈ ಆಟ ನಮ್ಮಲ್ಲಿ ಎಲ್ಲರಿಗೂ ಪರಿಚಿತವಲ್ಲ, ಆದ್ದರಿಂದ ಸ್ವಲ್ಪ ವಿವರಿಸಬೇಕು. ಅಮೆರಿಕದ ಫುಟ್‌ಬಾಲ್‌ನಲ್ಲಿ ಒಂದು ಕಡೆಗೆ 11 ಮಂದಿ. ಚೆಂಡು ಕೈಗೆ ಬಂದ ತಂಡ ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಹೆಚ್ಚುಕಮ್ಮಿ ಪ್ರತಿ ಪ್ರಯತ್ನವೂ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದಲೇ ಶುರು. ಚೆಂಡು ಕೈಗೆ ಬಿದ್ದ ಮೇಲೆ ಅವನಿಗಿರುವುದು ಮೂರು ಸೆಕೆಂಡಿನ ಆಸುಪಾಸು. ನೂರಿಪ್ಪತ್ತು, ನೂರೈವತ್ತು ಕಿಲೋ ತೂಕದ ಎದುರಾಳಿಗಳು ಮೈಮೇಲೆ ನುಗ್ಗಿ ಬರುತ್ತಿರುತ್ತಾರೆ. ಅಷ್ಟರಲ್ಲಿ ಎದುರಿನ ರಕ್ಷಣಾ ವ್ಯೂಹವನ್ನು ಓದಿ, ಓಡುತ್ತಿರುವ ಸಂಗಡಿಗರಲ್ಲಿ ಯಾರು ಬಿಡುವಾಗಲಿದ್ದಾನೆ ಎಂದು ಊಹಿಸಿ, ಅವನು ಮುಂದೆ ತಲುಪಲಿರುವ ಜಾಗಕ್ಕೆ ಚೆಂಡೆಸೆಯಬೇಕು. ಕಾಲೇಜಿನಲ್ಲಿ ಸಂಗಡಿಗ ಎದುರಾಳಿಯಿಂದ ಎರಡು ಮೂರು ಗಜ ದೂರ ಬಿಡುವಾಗಿ ಸಿಗುತ್ತಾನೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಂದು ಮೊಳ ಸಿಕ್ಕರೆ ಅದೇ ಬಿಡುವು. ಕಾಲೇಜಿನಲ್ಲಿ ಸಾವಿರಾರು ಗಜ ಎಸೆದ ಹುಡುಗ ಈ ಮಟ್ಟದಲ್ಲಿ ಏನಾಗುತ್ತಾನೆ ಎಂದು ಹೇಳುವುದು ಅದಕ್ಕೇ ಅಷ್ಟು ಕಷ್ಟ.

ಇನ್ನು ಡ್ರಾಫ್ಟ್. ಐಪಿಎಲ್ ಹರಾಜಿನಲ್ಲಿ ಹಣ ಮಾತಾಡುತ್ತದೆ, ಡ್ರಾಫ್ಟ್‌ನಲ್ಲಿ ಸರದಿ ಮಾತಾಡುತ್ತದೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡ ಮೊದಲು ಆರಿಸುತ್ತದೆ, ಗೆದ್ದು ಬೀಗಿದ ತಂಡ ಕೊನೆಗೆ. ಈ ಪದ್ಧತಿಯನ್ನು ಸೂಚಿಸಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಬರ್ಟ್ ಬೆಲ್. ಒಳ್ಳೆಯ ಆಟಗಾರರೆಲ್ಲ ದುಡ್ಡಿರುವ ನಾಲ್ಕೈದು ತಂಡಗಳ ಪಾಲಾಗಿ ಉಳಿದವರು ವರ್ಷವರ್ಷವೂ ಸೋಲುತ್ತಿದ್ದುದನ್ನು ಕಂಡು 1935ರಲ್ಲಿ ಅವರು ಈ ಪ್ರಸ್ತಾಪ ಮುಂದಿಟ್ಟರು. ಮೊದಲ ಡ್ರಾಫ್ಟ್ 1936ರ ಫೆಬ್ರುವರಿ 8ರಂದು ಫಿಲಡೆಲ್ಫಿಯಾದ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ನಡೆಯಿತು. ಒಂಬತ್ತು ತಂಡಗಳು, ಒಂಬತ್ತು ಸುತ್ತು. ಮೊಟ್ಟಮೊದಲು ಕೂಗಿದ ಹೆಸರು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವೇಂಜರ್‌ನದು. ಅವನು ವೃತ್ತಿಪರ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲ ಆಯ್ಕೆ ಕೈಕೊಡುವ ಕಥೆ ಡ್ರಾಫ್ಟ್‌ನಷ್ಟೇ ಹಳೆಯದು.

1998ರಲ್ಲಿ ಮೊದಲ ಸರದಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡಕ್ಕೆ ಬಂತು. ಹಿಂದಿನ ವರ್ಷ 16 ಪಂದ್ಯಗಳಲ್ಲಿ 13 ಸೋತು ಗಳಿಸಿದ ಸರದಿ ಅದು. ಮೊದಲ ಆಯ್ಕೆಯಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ತರುವ ವಿಷಯದಲ್ಲಿ ಈ ತಂಡದಷ್ಟು ಪೆಟ್ಟು ತಿಂದವರು ಬೇರೆ ಇರಲಿಲ್ಲ.

1983ರಲ್ಲಿ, ತಂಡ ಇನ್ನೂ ಬಾಲ್ಟಿಮೋರ್‌ನಲ್ಲಿದ್ದಾಗ, ಸ್ಟ್ಯಾನ್‌ಫರ್ಡ್‌ನ ಜಾನ್ ಎಲ್ವೇಯನ್ನು ಮೊದಲಿಗನಾಗಿ ಆರಿಸಿತ್ತು. ಈ ತಂಡಕ್ಕೆ ಆಡುವುದಿಲ್ಲ, ಬೇಕಾದರೆ ಬೇಸ್‌ಬಾಲ್‌ಗೆ ಹೋಗುತ್ತೇನೆ ಎಂದು ಎಲ್ವೇ ಪಟ್ಟು ಹಿಡಿದ. ಅದು ಬರೀ ಬೆದರಿಕೆಯಾಗಿರಲಿಲ್ಲ. ನ್ಯೂಯಾರ್ಕ್ ಯಾಂಕೀಸ್ ಅವನನ್ನು ಆಗಲೇ ಆರಿಸಿಕೊಂಡಿತ್ತು, ಅವರ ಕಿರಿಯರ ತಂಡದಲ್ಲಿ ಒಂದು ಬೇಸಿಗೆ ಆಡಿಯೂ ಇದ್ದ. ವಾರ ಕಳೆಯುವುದರೊಳಗೆ ಮಾಲೀಕ ರಾಬರ್ಟ್ ಇರ್ಸೇ ಅವನನ್ನು ಡೆನ್ವರ್‌ಗೆ ಬಿಟ್ಟುಕೊಟ್ಟರು. ಬದಲಿಗೆ ಸಿಕ್ಕವರಲ್ಲಿ ಕ್ರಿಸ್ ಹಿಂಟನ್ ಎಂಬ, ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಕಾಯುವ ಒಳ್ಳೆಯ ಲೈನ್‌ಮನ್ ಇದ್ದ. ಮರುವರ್ಷ ಮಾರ್ಚ್ ತಿಂಗಳ ಒಂದು ರಾತ್ರಿ ಇಡೀ ತಂಡ ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಬಾಲ್ಟಿಮೋರ್ ಬಿಟ್ಟು ಇಂಡಿಯಾನಾಪೊಲಿಸ್ ಸೇರಿತು. 1990ರಲ್ಲಿ ಮತ್ತೆ ಮೊದಲ ಆಯ್ಕೆಯ ಆಸೆ ಹುಟ್ಟಿತು. ಇಂಡಿಯಾನಾಪೊಲಿಸ್‌ನವನೇ ಆದ ಜೆಫ್ ಜಾರ್ಜ್‌ನನ್ನು ತರಲು ಅಟ್ಲಾಂಟಾ ತಂಡದ ಕೈಲಿದ್ದ ಸರದಿಯನ್ನು ಕೊಂಡರು. ಆ ಬೆಲೆಯಲ್ಲಿ ಅದೇ ಕ್ರಿಸ್ ಹಿಂಟನ್ ಕೂಡ ಸೇರಿದ್ದ. ಜಾರ್ಜ್‌ನನ್ನು ಕಾಪಾಡಬೇಕಾದವನನ್ನೇ ಕೊಟ್ಟು ಜಾರ್ಜ್‌ನನ್ನು ತಂದರು. ನಾಲ್ಕು ವರ್ಷ ಪೆಟ್ಟು ತಿಂದು, ಊರಿನವರಿಂದಲೇ ಮೂದಲಿಕೆ ಕೇಳಿ, ಜಾರ್ಜ್ 1994ರಲ್ಲಿ ತಂಡ ಬಿಟ್ಟ. ಹೋಗಿ ಸೇರಿದ್ದು ಅಟ್ಲಾಂಟಾವನ್ನೇ.

ಎಲ್ವೇ ಬಂದ 1983ರ ಡ್ರಾಫ್ಟ್ ಈ ಆಟದ ಇತಿಹಾಸದಲ್ಲಿ ಒಂದು ದೊಡ್ಡ ಘಟ್ಟ. ಆ ವರ್ಷ ಮೊದಲ ಸುತ್ತಿನಲ್ಲಿಯೇ ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಏಳನೆಯ ಆಯ್ಕೆಯಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ ಟಾಡ್ ಬ್ಲಾಕ್‌ಲೆಜ್‌ನನ್ನು ತೆಗೆದುಕೊಂಡಾಗ ಜಿಮ್ ಕೆಲ್ಲಿ ಮತ್ತು ಡ್ಯಾನ್ ಮರೀನೊ ಇಬ್ಬರೂ ಇನ್ನೂ ಉಳಿದಿದ್ದರು. ಮರೀನೊ ಹೆಸರು ಕೂಗಿದ್ದು 27ನೆಯವನಾಗಿ, ಮಯಾಮಿ ತಂಡದವರು. ಮರುವರ್ಷವೇ ಅವನು 5,084 ಗಜ ಎಸೆದು, ಚೆಂಡನ್ನು ಎದುರಾಳಿಯ ಗೆರೆ ದಾಟಿಸುವ ಟಚ್‌ಡೌನ್‌ಗಳನ್ನು 48 ಸಲ ಗಳಿಸಿದ. ಆವರೆಗೆ ಯಾರೂ ಒಂದು ವರ್ಷದಲ್ಲಿ 5,000 ಗಜ ದಾಟಿರಲಿಲ್ಲ. ಬ್ಲಾಕ್‌ಲೆಜ್ ಕ್ಯಾನ್ಸಸ್ ಸಿಟಿಯಲ್ಲಿ ನೆಲೆ ನಿಲ್ಲಲಿಲ್ಲ. ಆ ತಂಡ ಮೊದಲ ಸುತ್ತಿನಲ್ಲಿ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸುವ ಧೈರ್ಯ ಮಾಡಲು 34 ವರ್ಷ ಹಿಡಿಯಿತು.

1997ರಲ್ಲಿ ರಾಬರ್ಟ್ ಇರ್ಸೇ ತೀರಿಕೊಂಡು ಮಗ ಜಿಮ್ ಇರ್ಸೇ ಕೈಗೆ ಕೋಲ್ಟ್ಸ್ ಬಂತು. ಆ ವರ್ಷದ ಕೊನೆಯಲ್ಲಿ ಅವರು ತಂಡ ಕಟ್ಟುವ ಹೊಣೆಯನ್ನು ಬಿಲ್ ಪೋಲಿಯನ್‌ಗೆ ಒಪ್ಪಿಸಿದರು. ಇಡೀ ಕಥೆಯಲ್ಲಿ ನನಗೆ ಎಲ್ಲರಿಗಿಂತ ಮುಖ್ಯರಾಗಿ ಕಾಣುವವರು ಈ ಪೋಲಿಯನ್. ಬಫಲೋ ತಂಡದಲ್ಲಿ ಜಿಮ್ ಕೆಲ್ಲಿಯ ಸುತ್ತ ಅವರು ಕಟ್ಟಿದ ತಂಡ ಸತತ ನಾಲ್ಕು ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯ, ತಲುಪಿತ್ತು. ನಾಲ್ಕನ್ನೂ ಸೋತಿತು, ಅದು ಬೇರೆ ಮಾತು. ಕ್ವಾರ್ಟರ್‌ಬ್ಯಾಕ್ ಒಬ್ಬನೇ ಏನನ್ನೂ ಮಾಡಲಾರ, ಅವನ ಸುತ್ತ ಇಡೀ ಕಟ್ಟೋಣ ಬೇಕು ಎಂಬುದನ್ನು ಅವರು ಬಫಲೋದ ಹಿಮದಲ್ಲಿ ನಿಂತು ಕಲಿತಿದ್ದರು.

ಪೋಲಿಯನ್ ಮಾತನ್ನು ನಂಬದೆ ಫಿಲ್ಮ್ ನಂಬಿದರು. ಇಬ್ಬರೂ ಕಾಲೇಜಿನಲ್ಲಿ ಎಸೆದ ಪಾಸ್‌ಗಳನ್ನು ಒಂದೊಂದಾಗಿ ತಮ್ಮವರಿಂದ ನೋಡಿಸಿದರು, ತಾವೂ ನೋಡಿದರು. ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಮೂರು ಸೂಪರ್ ಬೌಲ್ ಗೆಲ್ಲಿಸಿದ್ದ ಬಿಲ್ ವಾಲ್ಶ್ ಅವರ ಅಭಿಪ್ರಾಯ ಕೇಳಿದರು. ಮ್ಯಾನಿಂಗ್‌ನ ತೋಳಿನಲ್ಲಿ ಬಲವಿಲ್ಲ ಎಂಬ ಮಾತು ಎಷ್ಟು ಹಬ್ಬಿತ್ತೋ ಅಷ್ಟು ನಿಜವಲ್ಲ ಎಂದು ಫಿಲ್ಮ್ ತೋರಿಸಿತು.

ಅಷ್ಟೇ ಮುಖ್ಯವಾದದ್ದು ಮುಖಾಮುಖಿ ಭೇಟಿ. ಮ್ಯಾನಿಂಗ್ ಹಳದಿ ಹಾಳೆಯ ನೋಟುಪುಸ್ತಕ ಹಿಡಿದು ಬಂದ. ತಂಡದವರು ಕೇಳುವ ಮೊದಲೇ ತನ್ನ ಪ್ರಶ್ನೆಗಳನ್ನು ಒಂದಾದ ಮೇಲೊಂದು ಕೇಳತೊಡಗಿದ. ಯಾವ ಪದ್ಧತಿಯ ಆಟ, ತರಬೇತುದಾರರು ಯಾವಾಗ ಸಿಗುತ್ತಾರೆ, ಆಟದ ಪುಸ್ತಕ ಕೈಗೆ ಬರುವುದು ಯಾವಾಗ ಎಂದು. ಅವನು ಎದ್ದು ಹೋದ ಮೇಲೆ, ಸಂದರ್ಶನ ಮಾಡಿದ್ದು ಯಾರು, ಕೊಟ್ಟದ್ದು ಯಾರು ಎಂದು ಕೋಣೆಯಲ್ಲಿದ್ದವರಿಗೇ ಅನ್ನಿಸಿತಂತೆ. ಲೀಫ್ ಕೋಲ್ಟ್ಸ್ ಜೊತೆ ಗೊತ್ತುಮಾಡಿದ್ದ ಒಂದು ಭೇಟಿಗೆ ಬರಲಿಲ್ಲ. ಆ ಹೊತ್ತಿನಲ್ಲಿ ವೈದ್ಯಕೀಯ ತಪಾಸಣೆಯಿತ್ತು ಎಂಬುದು ಅವನ ವಿವರಣೆ. ಆ ದಿನಗಳಲ್ಲಿ ಅವನ ತೂಕ 261 ಪೌಂಡ್, ಅಂದರೆ 118 ಕಿಲೋ ತೋರಿತು. ಎನ್‌ಎಫ್‌ಎಲ್ ಮೈದಾನಕ್ಕೆ ಇಳಿಯಲಿರುವ ಕ್ವಾರ್ಟರ್‌ಬ್ಯಾಕ್‌ಗೆ ಅದು ಹೆಚ್ಚು.

ಮ್ಯಾನಿಂಗ್‌ನ ಶ್ರದ್ಧೆಗೆ ಮನೆಯ ಹಿನ್ನೆಲೆಯೂ ಇತ್ತು. ಅಪ್ಪ ಆರ್ಚಿ ಮ್ಯಾನಿಂಗ್ 1971ರ ಡ್ರಾಫ್ಟ್‌ನ ಎರಡನೆಯ ಆಯ್ಕೆ. ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿದ ಅವರು ಅಷ್ಟೂ ವರ್ಷಗಳಲ್ಲಿ ಸೋಲಿಗಿಂತ ಗೆಲುವು ಹೆಚ್ಚಾದ ಒಂದು ಋತುವನ್ನೂ ಕಾಣಲಿಲ್ಲ. ಅಪ್ರತಿಮ ಆಟಗಾರ, ಆದರೆ ಅವರನ್ನು ಕಾಯುವವರಿರಲಿಲ್ಲ. ವಾರವಾರವೂ ನೆಲಕ್ಕುರುಳುತ್ತಿದ್ದರು. ಬೇಗ ಆರಿಸಿದ ಕ್ವಾರ್ಟರ್‌ಬ್ಯಾಕ್ ವಿಫಲನಾದ ಎಂದು ಪಟ್ಟಿ ಮಾಡುವವರು ಆರ್ಚಿಯ ಹೆಸರನ್ನು ಸೇರಿಸುವುದಿಲ್ಲ, ಏಕೆಂದರೆ ಅವರು ವಿಫಲರಾಗಲಿಲ್ಲ. ವಿಫಲವಾದದ್ದು ಅವರನ್ನು ಆರಿಸಿದ ತಂಡ. ಆ ಪಾಠವನ್ನು ಆ ಮನೆಯ ಮಕ್ಕಳು ಊಟದ ಮೇಜಿನಲ್ಲೇ ಕಲಿತಿರಬೇಕು.

ಲೀಫ್ ಮೊಂಟಾನಾ ರಾಜ್ಯದ ಗ್ರೇಟ್ ಫಾಲ್ಸ್ ಊರಿನವನು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯವನ್ನು 67 ವರ್ಷಗಳ ನಂತರ ಕಾಲೇಜು ಆಟದ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯಕ್ಕೆ ಕರೆದೊಯ್ದ ವೀರ. 1998ರ ಜನವರಿ 1ರಂದು ಮಿಷಿಗನ್ ಎದುರು 21–16ರಿಂದ ಸೋತರೂ ಅವನ ಕೀರ್ತಿಗೆ ಕುಂದಾಗಲಿಲ್ಲ. ಆ ದಿನ ಮಿಷಿಗನ್ ತಂಡದ ಬೆಂಚಿನ ಮೇಲೆ ಟಾಮ್ ಬ್ರೇಡಿ ಎಂಬ ಬದಲಿ ಕ್ವಾರ್ಟರ್‌ಬ್ಯಾಕ್ ಕುಳಿತಿದ್ದ. ಎರಡು ವರ್ಷದ ನಂತರ ನ್ಯೂ ಇಂಗ್ಲೆಂಡ್ ಅವನನ್ನು ಆರನೆಯ ಸುತ್ತಿನಲ್ಲಿ, 199ನೆಯವನಾಗಿ ಆರಿಸಿತು. ಅವನು ಏಳು ಸೂಪರ್ ಬೌಲ್ ಗೆದ್ದ. ಬೇಗ ಆರಿಸುವುದೇ ತಪ್ಪು ಎನ್ನುವವರೆಲ್ಲ ಮೊದಲು ಹೇಳುವುದು ಬ್ರೇಡಿಯ ಹೆಸರನ್ನೇ. ಆದರೆ ಅವನು ಅಪವಾದ. ಆ ವರ್ಷ ಅವನಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಲಾಗಿತ್ತು. ನ್ಯೂ ಇಂಗ್ಲೆಂಡಿನವರೂ ಐದು ಸುತ್ತು ಅವನನ್ನು ಬಿಟ್ಟೇ ಮುಂದೆ ಹೋಗಿದ್ದರು. ಅಂಥ ಅದೃಷ್ಟವನ್ನು ನೆಚ್ಚಿ ತಂಡ ಕಟ್ಟಲಾಗದು.

ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡಕ್ಕೆ ಆ ವರ್ಷ ಸಿಕ್ಕಿದ್ದು ಮೂರನೆಯ ಸರದಿ. ಎರಡನೆಯದು ಅರಿಜೋನಾ ತಂಡದ್ದು. ಅರಿಜೋನಾಕ್ಕೆ ಕ್ವಾರ್ಟರ್‌ಬ್ಯಾಕ್ ಬೇಕಿರಲಿಲ್ಲ, ಆದರೆ ಆ ಸರದಿಯನ್ನು ಬೇರೆಯವರಿಗೆ ಮಾರಬಹುದಿತ್ತು. ಆ ಭಯಕ್ಕೆ ಚಾರ್ಜರ್ಸ್‌ನ ಜನರಲ್ ಮ್ಯಾನೇಜರ್ ಬಾಬಿ ಬೆತರ್ಡ್ ಒಂದೇ ಒಂದು ಮೆಟ್ಟಿಲು ಮೇಲೇರಲು ಕೊಟ್ಟ ಬೆಲೆ ನೋಡಿ: ತಮ್ಮ ಮೂರನೆಯ ಸರದಿ, ಅದೇ ವರ್ಷದ ಎರಡನೆಯ ಸುತ್ತಿನ ಆಯ್ಕೆ, ಮರುವರ್ಷದ ಮೊದಲ ಸುತ್ತಿನ ಆಯ್ಕೆ, ಜೊತೆಗೆ ಎರಿಕ್ ಮೆಟ್‌ಕಾಫ್ ಮತ್ತು ಪ್ಯಾಟ್ರಿಕ್ ಸ್ಯಾಪ್ ಎಂಬ ಇಬ್ಬರು ಆಟಗಾರರು. ಮ್ಯಾನಿಂಗ್ ಅಥವಾ ಲೀಫ್, ಇಬ್ಬರಲ್ಲಿ ಒಬ್ಬ ತಮಗೆ ಸಿಕ್ಕೇ ಸಿಗಬೇಕು ಎಂಬುದಷ್ಟೇ ಉದ್ದೇಶ. ಆ ಹುಡುಗನ ಮುಂದೆ ನಿಂತು ಕಾಯಬೇಕಾದ, ಅವನು ಎಸೆದ ಚೆಂಡನ್ನು ಹಿಡಿಯಬೇಕಾದ ಆಟಗಾರರನ್ನು ತರುವ ದಾರಿಗಳನ್ನೆಲ್ಲ ಅವನು ಬರುವ ಮೊದಲೇ ಕೊಟ್ಟುಬಿಟ್ಟರು. ಹಿಂಟನ್‌ನನ್ನು ಕೊಟ್ಟು ಜಾರ್ಜ್‌ನನ್ನು ತಂದ ಕೋಲ್ಟ್ಸ್‌ನ ತಪ್ಪನ್ನೇ ಎಂಟು ವರ್ಷದ ನಂತರ ಇವರು ಮಾಡಿದರು.

ಏಪ್ರಿಲ್ 18, ಶನಿವಾರ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಕೋಲ್ಟ್ಸ್ ಮ್ಯಾನಿಂಗ್ ಹೆಸರು ಕೊಟ್ಟಿತು, ಚಾರ್ಜರ್ಸ್ ಲೀಫ್ ಹೆಸರು. ಲೀಫ್‌ಗೆ ಸಹಿ ಹಾಕಿದ್ದಕ್ಕೇ 11.25 ಮಿಲಿಯನ್ ಡಾಲರ್ ಸಿಕ್ಕಿತು. ಡ್ರಾಫ್ಟ್‌ನ ದಿನ ಅವನಿಗೆ ಇನ್ನೂ 22 ತುಂಬಿರಲಿಲ್ಲ.

ಸೆಪ್ಟೆಂಬರ್ 6ರಂದು ಮ್ಯಾನಿಂಗ್‌ನ ಮೊದಲ ಪಂದ್ಯ. ಎದುರಿಗೆ ಮಯಾಮಿ, ಆ ತಂಡದ ಕ್ವಾರ್ಟರ್‌ಬ್ಯಾಕ್ 36 ವರ್ಷದ ಡ್ಯಾನ್ ಮರೀನೊ. ಮ್ಯಾನಿಂಗ್ 302 ಗಜ ಎಸೆದ, ಮೂರು ಸಲ ಚೆಂಡನ್ನು ಎದುರಾಳಿಯ ಕೈಗೇ ಹಾಕಿದ, 24–15ರಿಂದ ಸೋತ. ಅತ್ತ ಲೀಫ್ ತನ್ನ ಮೊದಲ ಎರಡು ಪಂದ್ಯಗಳನ್ನೂ ಗೆದ್ದ. ಸೆಪ್ಟೆಂಬರ್ ಮಧ್ಯದಲ್ಲಿ ಯಾರನ್ನು ಕೇಳಿದ್ದರೂ ಚಾರ್ಜರ್ಸ್‌ಗೇ ಲಾಭವಾಯಿತು ಎನ್ನುತ್ತಿದ್ದರು.

ಸೆಪ್ಟೆಂಬರ್ 20. ಕ್ಯಾನ್ಸಸ್ ಸಿಟಿಯ ಆರೋಹೆಡ್ ಕ್ರೀಡಾಂಗಣ. ಅಲ್ಲಿನ ಪ್ರೇಕ್ಷಕರ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳಿಸದು. ಆ ದಿನ ಲೀಫ್ 15 ಪಾಸ್ ಎಸೆದ. ಸಂಗಡಿಗನ ಕೈ ಸೇರಿದ್ದು ಒಂದೇ ಒಂದು, ಅದರಿಂದ ಸಿಕ್ಕಿದ್ದು ನಾಲ್ಕು ಗಜ. ಎರಡು ಪಾಸ್ ಎದುರಾಳಿಗಳ ಪಾಲಾದವು. ಮತ್ತೆ ಮತ್ತೆ ಚೆಂಡು ಅವನ ಕೈಯಿಂದಲೇ ಜಾರಿ ನೆಲಕ್ಕೆ ಬಿತ್ತು. ಎರಡು ವರ್ಷ ಕಾಲೇಜು ಮೈದಾನಗಳಲ್ಲಿ ಮೆರೆದ ಹುಡುಗ ಹೀಗೆ ದೇಶದ ಮುಂದೆ ಬಯಲಾಗಿ ನಿಂತದ್ದು ಬಹುಶಃ ಅವನ ಬದುಕಿನಲ್ಲೇ ಮೊದಲು. ಪಂದ್ಯದ ನಂತರ ಲಾಕರ್ ಕೋಣೆಯಲ್ಲಿ ಪತ್ರಕರ್ತರೊಬ್ಬರ ಮೇಲೆ ಅವನು ಗಂಟಲು ಹರಿಯುವಂತೆ ಕೂಗಾಡಿದ. ಕ್ಯಾಮೆರಾ ಚಾಲೂ ಇತ್ತು. ಆ ಕೆಲವು ಸೆಕೆಂಡುಗಳ ಚಿತ್ರವನ್ನು ಅಮೆರಿಕದ ಟೀವಿಗಳು ವರ್ಷಗಟ್ಟಲೆ ತೋರಿಸಿದವು.

ಅಕ್ಟೋಬರ್ 4ರಂದು ಇಬ್ಬರೂ ಇಂಡಿಯಾನಾಪೊಲಿಸ್‌ನಲ್ಲಿ ಎದುರಾದರು. ಕೋಲ್ಟ್ಸ್ 17–12ರಿಂದ ಗೆದ್ದಿತು. ಎನ್‌ಎಫ್‌ಎಲ್‌ನಲ್ಲಿ ಮ್ಯಾನಿಂಗ್‌ನ ಮೊದಲ ಗೆಲುವು ಅದು. ಆದರೆ ಆ ಋತುವಿನ ಪೂರ್ತಿ ಲೆಕ್ಕ ನೋಡಿದರೆ ಅವನ ಪಾಲೂ ಸುಲಭದ್ದಲ್ಲ. 28 ಸಲ ಅವನ ಪಾಸ್ ಎದುರಾಳಿಗಳ ಕೈಗೆ ಸಿಕ್ಕಿತು. ಹೊಸಬನೊಬ್ಬ ಅಷ್ಟು ಸಲ ಎಡವಿದ್ದು ದಾಖಲೆ, ಇಂದಿಗೂ ಯಾರೂ ಮುರಿದಿಲ್ಲ. ಕೋಲ್ಟ್ಸ್ ಮತ್ತೆ 13 ಪಂದ್ಯ ಸೋತಿತು. ಆದರೆ ಹದಿನಾರು ಪಂದ್ಯಗಳಲ್ಲಿ ಒಂದರಲ್ಲೂ ಅವನನ್ನು ಬೆಂಚಿಗೆ ಕಳಿಸಲಿಲ್ಲ. ಅವನಿಗೆ ಆಟ ಹೇಳಿಕೊಡುತ್ತಿದ್ದ ಟಾಮ್ ಮೂರ್ ಆ ವರ್ಷ ಬಂದವರು ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದರು. ಚೆಂಡು ಹಿಡಿಯಲು ಮಾರ್ವಿನ್ ಹ್ಯಾರಿಸನ್ ಇದ್ದ, ಹಿಂದಿನಿಂದ ಬರುವ ಪೆಟ್ಟನ್ನು ತಡೆಯಲು ತಾರಿಕ್ ಗ್ಲೆನ್ ಇದ್ದ. ಇಬ್ಬರನ್ನೂ ಅವನು ಬರುವ ಮುಂಚೆಯೇ ಮೊದಲ ಸುತ್ತುಗಳಲ್ಲಿ ಆರಿಸಿದ್ದರು. ಮರುವರ್ಷ ಕೋಲ್ಟ್ಸ್ ತನ್ನ ಮೊದಲ ಸುತ್ತಿನ ಆಯ್ಕೆಯಲ್ಲಿ ಓಟಗಾರ ಎಜರಿನ್ ಜೇಮ್ಸ್‌ನನ್ನು ತಂದಿತು. 1999ರಲ್ಲಿ ತಂಡ 13 ಪಂದ್ಯ ಗೆದ್ದಿತು.

ಸ್ಯಾನ್ ಡಿಯಾಗೊದಲ್ಲಿ ಲೀಫ್ ಬಂದ ಆರನೆಯ ಪಂದ್ಯಕ್ಕೇ ಮುಖ್ಯ ತರಬೇತುದಾರ ಕೆವಿನ್ ಗಿಲ್‌ಬ್ರೈಡ್ ಅವರನ್ನು ತೆಗೆದರು. ಉಳಿದ ಋತುವಿಗೆ ಜೂನ್ ಜೋನ್ಸ್ ಬಂದರು. ಮರುವರ್ಷ ಮೈಕ್ ರೈಲಿ. ಒಬ್ಬ ಹೊಸ ಕ್ವಾರ್ಟರ್‌ಬ್ಯಾಕ್‌ಗೆ ವರ್ಷ ತುಂಬುವುದರೊಳಗೆ ಮೂವರು ಗುರುಗಳು, ಮೂರು ಬಗೆಯ ಪಾಠ. ಮೊದಲ ವರ್ಷದಲ್ಲಿ ಅವನು ಗಳಿಸಿದ ಟಚ್‌ಡೌನ್ ಪಾಸ್ ಎರಡು, ಎದುರಾಳಿಗೆ ಕೊಟ್ಟ ಚೆಂಡು 15. ಋತು ಮುಗಿಯುವ ಮೊದಲೇ ಬೆಂಚಿಗೆ ಹೋದ. ಭುಜದ ಗಾಯದಿಂದ 1999 ಪೂರ್ತಿ ಹೋಯಿತು. 2000ದಲ್ಲಿ ತಂಡ 16ರಲ್ಲಿ 15 ಸೋತಿತು. 2001ರ ಫೆಬ್ರುವರಿಯಲ್ಲಿ ಅವನನ್ನು ಬಿಟ್ಟುಬಿಟ್ಟರು. ಮತ್ತೆರಡು ಮೂರು ತಂಡಗಳ ಬಾಗಿಲು ತಟ್ಟಿ 2002ರಲ್ಲಿ ಆಟಕ್ಕೆ ವಿದಾಯ ಹೇಳಿದ.

ಈ ಕಥೆಯನ್ನು ಜನ ಒಳ್ಳೆಯ ಹುಡುಗ, ಕೆಟ್ಟ ಹುಡುಗ ಎಂಬ ನೀತಿಕಥೆಯಾಗಿ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಲೀಫ್‌ಗೆ ಅಹಂಕಾರವಿತ್ತು, ಸಿದ್ಧತೆಯಲ್ಲಿ ಹಿಂದೆ ಬಿದ್ದಿದ್ದ, ಅದನ್ನು ಅವನೇ ಮುಂದೆ ಬಾಯಿಬಿಟ್ಟು ಹೇಳಿಕೊಂಡಿದ್ದಾನೆ. ಅವನು ಇಂಡಿಯಾನಾಪೊಲಿಸ್‌ಗೆ ಹೋಗಿದ್ದರೆ ಮ್ಯಾನಿಂಗ್ ಆಗುತ್ತಿದ್ದ ಎಂದು ನಾನು ಹೇಳಲಾರೆ. ಆದರೆ 28 ಸಲ ಎಡವಲು ಅವಕಾಶ ಸಿಕ್ಕವನಿಗೂ ಎಡವಿದೊಡನೆ ಎಳೆದು ಕೂರಿಸಿದವನಿಗೂ ಇರುವ ಅಂತರ ಸಣ್ಣದಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಬೇಗ ಆರಿಸಬೇಕೇ ಎಂದು ಕೇಳುವವರು ಆ ಹುಡುಗನನ್ನಷ್ಟೇ ಅಳೆಯುತ್ತಾರೆ. ಅವನ ತೋಳು, ಎತ್ತರ, ಓಟದ ವೇಗ, ಬುದ್ಧಿ ಪರೀಕ್ಷೆಯ ಅಂಕ. ಅವನನ್ನು ಕರೆಯುತ್ತಿರುವ ಮನೆಯನ್ನು ಯಾರೂ ಅಳೆಯುವುದಿಲ್ಲ. ಬೇಗ ಆರಿಸುವುದು ಸರಿಯೇ ಎಂಬುದಕ್ಕೆ ನನ್ನ ಉತ್ತರ ಅಲ್ಲೇ ಇದೆ: ಅವನನ್ನು ಕಾಯುವವರು, ಕಲಿಸುವವರು, ತಾಳುವವರು ಮನೆಯಲ್ಲಿದ್ದರೆ ಸರಿ. ಅವರನ್ನೆಲ್ಲ ಮಾರಿ ಅವನನ್ನು ಕೊಳ್ಳುವುದಾದರೆ ತಪ್ಪು.

ಆಟ ಬಿಟ್ಟ ಮೇಲೆ ಲೀಫ್ ನೋವುನಿವಾರಕ ಮಾತ್ರೆಗಳ ಚಟಕ್ಕೆ ಬಿದ್ದ. 2012ರಲ್ಲಿ ಹುಟ್ಟೂರಿನಲ್ಲಿ ಮಾತ್ರೆಗಾಗಿ ಮನೆ ಹೊಕ್ಕ ಅಪರಾಧಕ್ಕೆ ಸೆರೆಮನೆ ಸೇರಿ 2014ರ ಡಿಸೆಂಬರ್‌ನಲ್ಲಿ ಹೊರಬಂದ. ಆಮೇಲೆ ಚಟದಿಂದ ಬಿಡಿಸಿಕೊಳ್ಳಲು ಹೆಣಗುವವರ ನಡುವೆ ಕೆಲಸ ಮಾಡತೊಡಗಿದ, ಊರೂರಿಗೆ ಹೋಗಿ ತನ್ನ ಕಥೆ ಹೇಳಿದ. ಅವನ ಹೆಸರನ್ನು ಇಂದಿಗೂ ವೈಫಲ್ಯದ ಅಳತೆಗೋಲಾಗಿ ಬಳಸುವವರು ಈ ಭಾಗವನ್ನೂ ಓದಬೇಕು.

ಚಾರ್ಜರ್ಸ್ ಪಾಠ ಕಲಿತಿತೇ? ಅರ್ಧ ಕಲಿತಿತು. 2001ರಲ್ಲಿ ಮೊದಲ ಸರದಿಯೇ ಕೈಗೆ ಬಂದಾಗ ಅದನ್ನು ಅಟ್ಲಾಂಟಾಕ್ಕೆ ಮಾರಿ ಐದನೆಯ ಜಾಗಕ್ಕೆ ಇಳಿಯಿತು. ಅಟ್ಲಾಂಟಾ ಮೈಕಲ್ ವಿಕ್‌ನನ್ನು ಆರಿಸಿತು, ಚಾರ್ಜರ್ಸ್ ಓಟಗಾರ ಲಡೇನಿಯನ್ ಟಾಮ್ಲಿನ್‌ಸನ್‌ನನ್ನು. ಎರಡನೆಯ ಸುತ್ತಿನ ಮೊದಲ ಹೆಸರಾಗಿ ಡ್ರೂ ಬ್ರೀಸ್ ಎಂಬ ಆರಡಿಯ ಕ್ವಾರ್ಟರ್‌ಬ್ಯಾಕ್ ಬಂದ. ಎತ್ತರ ಸಾಲದು ಎಂದು 31 ಸಲ ಅವನನ್ನು ಬಿಟ್ಟು ಮುಂದೆ ಹೋಗಿದ್ದರು. ಅವನು ಪಳಗುವಷ್ಟರಲ್ಲಿ ಚಾರ್ಜರ್ಸ್‌ಗೆ ತಾಳ್ಮೆ ತಪ್ಪಿತು. 2004ರಲ್ಲಿ ಮತ್ತೆ ಮೊದಲ ಸರದಿ, ಮತ್ತೆ ಕ್ವಾರ್ಟರ್‌ಬ್ಯಾಕ್. ಈ ಸಲ ಆರ್ಚಿಯ ಕಿರಿಯ ಮಗ ಈಲೈ ಮ್ಯಾನಿಂಗ್. ಎಲ್ವೇಯಂತೆ ಅವನೂ ಅಲ್ಲಿಗೆ ಹೋಗಲೊಪ್ಪಲಿಲ್ಲ. ಸೇಂಟ್ಸ್‌ನಲ್ಲಿ ಅಪ್ಪ ಪಟ್ಟ ಪಾಡು ಗೊತ್ತಿದ್ದ ಆ ಕುಟುಂಬ ಚಾರ್ಜರ್ಸ್‌ಗಿಂತ ನ್ಯೂಯಾರ್ಕ್ ಜಯಂಟ್ಸ್ ತಂಡವನ್ನು ನಂಬಿತು. ಫಿಲಿಪ್ ರಿವರ್ಸ್‌ನನ್ನು ಪಡೆದು ಚಾರ್ಜರ್ಸ್ ಈಲೈಯನ್ನು ಬಿಟ್ಟುಕೊಟ್ಟಿತು. ಎರಡು ವರ್ಷದ ನಂತರ ಭುಜದ ಗಾಯದ ಬ್ರೀಸ್‌ನನ್ನೂ ಕಳೆದುಕೊಂಡಿತು. ಅವನು ಹೋಗಿ ಸೇರಿದ್ದು ಆರ್ಚಿಯ ಹಳೆಯ ನ್ಯೂ ಆರ್ಲಿಯನ್ಸ್. ಕತ್ರಿನಾ ಚಂಡಮಾರುತದಿಂದ ನಲುಗಿದ್ದ ಆ ಊರಿಗೆ 2010ರ ಫೆಬ್ರುವರಿಯಲ್ಲಿ ಮೊದಲ ಸೂಪರ್ ಬೌಲ್ ತಂದುಕೊಟ್ಟ. ಅಂದು ಸೋತವನು ಪೇಟನ್ ಮ್ಯಾನಿಂಗ್.

ಈ ನಡುವೆ ಹಣದ ಲೆಕ್ಕವೂ ಬದಲಾಯಿತು. 1998ರಿಂದ ಹನ್ನೆರಡು ವರ್ಷಗಳಲ್ಲಿ ಮೊದಲ ಆಯ್ಕೆಯ ಬೆಲೆ ಏರುತ್ತಲೇ ಹೋಗಿ, 2010ರಲ್ಲಿ ಸೇಂಟ್ ಲೂಯಿಸ್ ತಂಡ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 78 ಮಿಲಿಯನ್ ಡಾಲರ್ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ 50 ಮಿಲಿಯನ್ ಖಾತ್ರಿ ಹಣ. ಒಂದು ಪಂದ್ಯವನ್ನೂ ಆಡದವನಿಗೆ! ತಂಡವೊಂದು ವರ್ಷಕ್ಕೆ ಖರ್ಚು ಮಾಡಬಹುದಾದ ಸಂಬಳಕ್ಕೆ 1994ರಿಂದ ಮಿತಿಯಿರುವುದರಿಂದ, ಆಯ್ಕೆ ತಪ್ಪಿದರೆ ಉಳಿದವರನ್ನು ಕೊಳ್ಳಲೂ ಹಣ ಉಳಿಯುತ್ತಿರಲಿಲ್ಲ. 2011ರಲ್ಲಿ ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಹೊಸ ಒಪ್ಪಂದ ಹೊಸಬರ ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 22 ಮಿಲಿಯನ್. ತಪ್ಪಿದರೆ ತಂಡ ಮುಳುಗದು, ಗೆದ್ದರೆ ನಾಲ್ಕು ವರ್ಷ ಅಗ್ಗದ ನಾಯಕ, ಉಳಿದ ಹಣದಲ್ಲಿ ಸುತ್ತಲಿನ ತಂಡ. ಅಂದಿನಿಂದ ಕ್ವಾರ್ಟರ್‌ಬ್ಯಾಕ್‌ಗಳನ್ನು ಬೇಗ ಆರಿಸುವ ಧಾವಂತ ಇನ್ನೂ ಹೆಚ್ಚಿತು.

2012ರಲ್ಲಿ 1998 ಮರಳಿ ಬಂದಂತಾಯಿತು. ಕುತ್ತಿಗೆಯ ಶಸ್ತ್ರಚಿಕಿತ್ಸೆಗಳಿಂದ ಮ್ಯಾನಿಂಗ್ ಒಂದು ವರ್ಷ ಆಡದೆ ಕುಳಿತಾಗ ಕೋಲ್ಟ್ಸ್ 14 ಪಂದ್ಯ ಸೋತು ಮೊದಲ ಸರದಿ ಗಳಿಸಿತ್ತು. ಮ್ಯಾನಿಂಗ್‌ನನ್ನು ಬಿಟ್ಟು ಆಂಡ್ರೂ ಲಕ್‌ನನ್ನು ಆರಿಸಿತು. ಡೆನ್ವರ್‌ನಲ್ಲಿ ಮ್ಯಾನಿಂಗ್‌ನನ್ನು ಬರಮಾಡಿಕೊಂಡವರು ಆ ತಂಡದ ಹೊಣೆ ಹೊತ್ತಿದ್ದ ಜಾನ್ ಎಲ್ವೇ. ಅತ್ತ ವಾಷಿಂಗ್ಟನ್ ತಂಡ ಆರರಿಂದ ಎರಡನೆಯ ಸರದಿಗೆ ಏರಲು ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನೂ ಒಂದು ಎರಡನೆಯ ಸುತ್ತಿನ ಆಯ್ಕೆಯನ್ನೂ ಕೊಟ್ಟು ರಾಬರ್ಟ್ ಗ್ರಿಫಿನ್‌ನನ್ನು ತಂದಿತು. ಮೊದಲ ವರ್ಷ ಅವನು ಮಿಂಚಿದ, ಆ ಋತುವಿನ ಕೊನೆಯಲ್ಲಿ ಮಂಡಿಗೆ ದೊಡ್ಡ ಪೆಟ್ಟಾಯಿತು, ಮತ್ತೆ ಹಳೆಯ ಗ್ರಿಫಿನ್ ಆಗಲಿಲ್ಲ. ಲಕ್ ಅಪೂರ್ವ ಪ್ರತಿಭೆ. ಅವನ ಮುಂದಿನ ರಕ್ಷಣಾ ಸಾಲು ವರ್ಷಗಟ್ಟಲೆ ದುರ್ಬಲವಾಗಿಯೇ ಇತ್ತು. ಪೆಟ್ಟು, ಗಾಯ, ಚಿಕಿತ್ಸೆಗಳಿಂದ ಬೇಸತ್ತು 2019ರ ಆಗಸ್ಟ್‌ನಲ್ಲಿ, 29ನೆಯ ವಯಸ್ಸಿಗೆ, ನಿವೃತ್ತನಾದ. ಪೋಲಿಯನ್ ಆ ಹೊತ್ತಿಗೆ ಕೋಲ್ಟ್ಸ್‌ನಲ್ಲಿರಲಿಲ್ಲ.

ಕ್ಯಾನ್ಸಸ್ ಸಿಟಿ ತನ್ನ 34 ವರ್ಷದ ಮೌನ ಮುರಿದದ್ದು 2017ರಲ್ಲಿ. ಹಿಂದಿನ ಋತುವಿನಲ್ಲಿ 12 ಪಂದ್ಯ ಗೆದ್ದಿದ್ದ ಗಟ್ಟಿ ತಂಡ, ಪಳಗಿದ ತರಬೇತುದಾರ ಆಂಡಿ ರೀಡ್, ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಅಲೆಕ್ಸ್ ಸ್ಮಿತ್. ಅವನೂ 2005ರ ಮೊದಲ ಆಯ್ಕೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೆಚ್ಚುಕಮ್ಮಿ ವರ್ಷಕ್ಕೊಬ್ಬರಂತೆ ಬದಲಾದ ಆಟದ ಗುರುಗಳ ನಡುವೆ ನಲುಗಿ ತಡವಾಗಿ ಚೇತರಿಸಿಕೊಂಡವನು. ಚೀಫ್ಸ್ 27ರಿಂದ ಹತ್ತನೆಯ ಸರದಿಗೆ ಏರಿ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಆರಿಸಿತು. ಹೆಚ್ಚುಕಮ್ಮಿ ಇಡೀ ವರ್ಷ ಸ್ಮಿತ್‌ನ ಹಿಂದೆ ಕೂರಿಸಿ ಕಲಿಸಿತು. 2020ರಿಂದ 2024ರೊಳಗೆ ಆ ಹುಡುಗ ಮೂರು ಸೂಪರ್ ಬೌಲ್ ಗೆದ್ದ.

ಮಹೋಮ್ಸ್ ಬಂದ ಮರುವರ್ಷ, 2018ರಲ್ಲಿ, ನ್ಯೂಯಾರ್ಕ್ ಜೆಟ್ಸ್ ಮೂರು ಎರಡನೆಯ ಸುತ್ತಿನ ಆಯ್ಕೆಗಳನ್ನು ಕೋಲ್ಟ್ಸ್‌ಗೆ ತೆತ್ತು ಆರರಿಂದ ಮೂರನೆಯ ಸರದಿಗೆ ಏರಿ ಸ್ಯಾಮ್ ಡಾರ್ನಲ್ಡ್‌ನನ್ನು ತಂದಿತು. ಮೂರು ವರ್ಷದಲ್ಲಿ ಅವನ ಮೇಲಿನ ನಂಬಿಕೆ ಕಳೆದುಕೊಂಡು ಬೇರೆ ತಂಡಕ್ಕೆ ದಾಟಿಸಿ, ಅವನ ಜಾಗಕ್ಕೆ ಎರಡನೆಯ ಆಯ್ಕೆಯಲ್ಲಿ ಇನ್ನೊಬ್ಬ ಹುಡುಗನನ್ನು ತಂದಿತು. ಆ ಹುಡುಗನೂ ನಿಲ್ಲಲಿಲ್ಲ.

2024ರ ಡ್ರಾಫ್ಟ್‌ನಲ್ಲಿ 1983ರ ನಂತರ ಮೊದಲ ಸಲ ಆರು ಕ್ವಾರ್ಟರ್‌ಬ್ಯಾಕ್‌ಗಳು ಮೊದಲ ಸುತ್ತಿನಲ್ಲಿ ಹೋದರು. ಆರೂ ಹೆಸರು ಮೊದಲ ಹನ್ನೆರಡರೊಳಗೆ! ಅವರಲ್ಲಿ ಐದನೆಯವನಾದ ಜೆ. ಜೆ. ಮೆಕಾರ್ತಿಯನ್ನು ಮಿನೆಸೋಟ ಆರಿಸಿತು. ಋತು ಶುರುವಾಗುವ ಮೊದಲೇ ಅವನ ಮಂಡಿಗೆ ಪೆಟ್ಟಾಗಿ ಆ ವರ್ಷ ಪೂರ್ತಿ ಹೋಯಿತು. ಆ ಜಾಗದಲ್ಲಿ ಆಡಿದವನು ನಾಲ್ಕನೆಯ ತಂಡಕ್ಕೆ ಬಂದಿದ್ದ ಸ್ಯಾಮ್ ಡಾರ್ನಲ್ಡ್. ಮಿನೆಸೋಟದಲ್ಲಿ ಅವನಿಗೆ ಸ್ವತಃ ಕ್ವಾರ್ಟರ್‌ಬ್ಯಾಕ್ ಆಗಿದ್ದ ತರಬೇತುದಾರ ಕೆವಿನ್ ಓಕಾನೆಲ್ ಸಿಕ್ಕರು, ಚೆಂಡು ಹಿಡಿಯಲು ಜಸ್ಟಿನ್ ಜೆಫರ್‌ಸನ್ ಸಿಕ್ಕ. ಡಾರ್ನಲ್ಡ್ ಆ ಋತುವಿನಲ್ಲಿ 4,319 ಗಜ ಎಸೆದು 35 ಟಚ್‌ಡೌನ್ ಗಳಿಸಿದ, ತಂಡ 17ರಲ್ಲಿ 14 ಪಂದ್ಯ ಗೆದ್ದಿತು. ಅವನನ್ನು ಆರಿಸಿ ಕೈಬಿಟ್ಟಿದ್ದ ಜೆಟ್ಸ್ ಅದೇ ವರ್ಷ 12 ಪಂದ್ಯ ಸೋತಿತು.